ಪ್ಲೇಯರ್ ಬಾಯಿ ಬಿಡುತ್ತಿಲ್ಲ. 340 ಡಿಸ್ಕ್ ಇಟ್ಟುಕೊಳ್ಳಲೋ, ಬಿಡಲೋ?

ಪ್ರಶ್ನೆ ಕೇಳಿದವರು: ಕತ್ತರಿ_24

ಎಲ್ಲರಿಗೂ ನಮಸ್ಕಾರ.

ಮೂರು ದಿನದಿಂದ ನನ್ನ ಬ್ಲೂ-ರೇ ಪ್ಲೇಯರ್ ಟ್ರೇ ತೆರೆಯುತ್ತಿಲ್ಲ. ಬಟನ್ ಒತ್ತಿದರೆ ಒಳಗೆ ಝುಯ್ ಅಂತ ಸದ್ದು ಬರುತ್ತದೆ. ಟ್ರೇ ಒಂದು ಕೂದಲೆಳೆಯಷ್ಟು ಅಲುಗಾಡಿ ಸುಮ್ಮನಾಗುತ್ತದೆ. ಒಳಗೆ ಒಂದು ಡಿಸ್ಕ್ ಸಿಕ್ಕಿಕೊಂಡಿದೆ. ಅದೂ ಎಂಥದ್ದು, ಈಗ ಎಲ್ಲೂ ಹೊಸದಾಗಿ ಸಿಗದಂಥದ್ದು.

ಇದರ ಜೊತೆಗೆ ಮುಂದಿನ ತಿಂಗಳು ಮನೆ ಬದಲಾಯಿಸಬೇಕು. ಹೊಸ ಮನೆಯಲ್ಲಿ ಒಂದು ಕೋಣೆ ಕಡಿಮೆ. ನನ್ನ ಹತ್ತಿರ 340 ಡಿಸ್ಕ್ ಇವೆ, ಜಾಸ್ತಿ ಡಿವಿಡಿ, ಉಳಿದದ್ದು ಬ್ಲೂ-ರೇ. ಎಣಿಸಿದ್ದೇನೆ. ಎಣಿಸುವುದು ನನ್ನ ಚಾಳಿ. ರಿಪೇರಿ ಮಾಡಿಸಲೋ, ಹೊಸ ಪ್ಲೇಯರ್ ತರಲೋ, ಇಲ್ಲಾ ಈ ಸಹವಾಸವೇ ಬೇಡ ಅಂತ ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡಲೋ ಗೊತ್ತಾಗುತ್ತಿಲ್ಲ.

ನಾನು ಡಿಸ್ಕ್‌ಗಳನ್ನು ಹೇಗೆ ಬಳಸುತ್ತೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ "ಎಲ್ಲ ಆನ್‌ಲೈನ್‌ನಲ್ಲೇ ಇದೆಯಲ್ಲ" ಅಂತ ಒಂದು ಸಾಲಿನಲ್ಲಿ ಮುಗಿಸುತ್ತೀರಿ.

ನಾನು ವಿಡಿಯೋ ಎಡಿಟರ್. ದೊಡ್ಡ ಸಿನಿಮಾದವಳಲ್ಲ. ತರಬೇತಿ ವಿಡಿಯೋ, ಸಣ್ಣ ಸಾಕ್ಷ್ಯಚಿತ್ರ, ಆಗಾಗ ಒಂದು ಜಾಹೀರಾತು. ಈ ಕೆಲಸವನ್ನು ತರಗತಿಯಲ್ಲಿ ಕೂತು ಕಲಿಯಲಿಲ್ಲ, ರಿಮೋಟ್ ಹಿಡಿದು ಕಲಿತೆ. ಪ್ಲೇಯರ್ ನಿಲ್ಲಿಸಿ ಸ್ಟೆಪ್ ಬಟನ್ ಒತ್ತಿದರೆ ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಬಿಡಿ ಚಿತ್ರ, ಮುಂದೆ ಹೋಗುತ್ತದೆ. ಕದ ತಳ್ಳುವ ಕೈಯನ್ನು ಎಷ್ಟನೇ ಫ್ರೇಮಿಗೆ ಕತ್ತರಿಸಿದರು? ಮಾತು ಕೇಳಿಸಿದ ಮೇಲೆ ಮುಖ ತೋರಿಸಲು ಎಷ್ಟು ಕಾದರು? ಹೀಗೆ ಎಣಿಸುತ್ತಾ ಮೂರು ನೋಟ್‌ಬುಕ್ ತುಂಬಿವೆ. ಒಂದು ಸಾಲು ಹೀಗಿದೆ: "ಡಿಸ್ಕ್ 117. 42:10. ಅಳು ಬರುವ ಮುಂಚೆಯೇ ಕಟ್. 19 ಫ್ರೇಮ್. ಇಷ್ಟು ಬೇಗ ಯಾಕೆ?" ರಿಮೋಟ್‌ನಲ್ಲಿ ಎ-ಬಿ ಅಂತ ಒಂದು ಬಟನ್ ಇರುತ್ತದೆ, ಹೆಚ್ಚಿನವರು ಅದನ್ನು ಮುಟ್ಟಿಯೇ ಇರುವುದಿಲ್ಲ. ಶುರುವಿಗೆ ಒಮ್ಮೆ, ಕೊನೆಗೆ ಒಮ್ಮೆ ಒತ್ತಿದರೆ ಆ ತುಣುಕು ಮಾತ್ರ ತಿರುತಿರುಗಿ ಬರುತ್ತದೆ. ನನ್ನ ರಿಮೋಟ್‌ನಲ್ಲಿ ಆ ಎರಡಕ್ಷರ ಅಳಿಸಿಹೋಗಿದೆ.

ನಾನು ನೋಡಿದ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಇರುವುದು 10 ಸೆಕೆಂಡ್ ಹಾರುವ ಬಾಣ. 10 ಸೆಕೆಂಡ್ ಅಂದರೆ 240 ಫ್ರೇಮ್. ನನಗೆ ಬೇಕಾದದ್ದು ಆ 240ರೊಳಗೆ ಎಲ್ಲೋ ಇರುತ್ತದೆ.

ಇನ್ನೊಂದು ಕತೆ ಕೇಳಿ. ಡಿಸ್ಕ್ 117ರ ಸಿನಿಮಾ ಕಳೆದ ವರ್ಷ ಒಂದು ಆ್ಯಪ್‌ನಲ್ಲಿ ಬಂತು. 42:10ಕ್ಕೆ ಹೋದೆ, ಅಲ್ಲಿ ಬೇರೆ ದೃಶ್ಯ. ಕಾರಣ ಗೊತ್ತಿತ್ತು. ನನ್ನ ಡಿವಿಡಿ ಪಾಲ್ ಅನ್ನುವ ಟಿವಿ ಪದ್ಧತಿಯದು. ಸೆಕೆಂಡಿಗೆ 24 ಫ್ರೇಮ್‌ನ ಸಿನಿಮಾವನ್ನು 25ರ ವೇಗದಲ್ಲಿ ಓಡಿಸುತ್ತದೆ, 100 ನಿಮಿಷದ್ದು 96ಕ್ಕೇ ಮುಗಿಯುತ್ತದೆ. ಲೆಕ್ಕ ಹಾಕಿ 43:55ಕ್ಕೆ ಹೋದೆ. ಸಿಕ್ಕಿತು! ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ನಾಲ್ಕು ತಿಂಗಳ ನಂತರ ನೋಡಿದರೆ ಎಲ್ಲವೂ 11 ಸೆಕೆಂಡ್ ಮುಂದಕ್ಕೆ ಹೋಗಿತ್ತು. ಶುರುವಿನಲ್ಲಿ ಹೊಸದೊಂದು ಕಂಪನಿಯ ಹೆಸರಿನ ಪರದೆ ಸೇರಿಸಿದ್ದರು. ಅಳಿಸಿ ಮತ್ತೆ ಬರೆದೆ. ಮೂರನೇ ಸಲ ಹುಡುಕಿದಾಗ ಸಿನಿಮಾನೇ ಇರಲಿಲ್ಲ.

ಪುಸ್ತಕ ಓದುವವರಿಗೆ ಇದು ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಪುಟದ ನಂಬರ್ ರಾತ್ರೋರಾತ್ರಿ ಬದಲಾಗುವ ಪುಸ್ತಕದಲ್ಲಿ ಅಂಚಿಗೆ ಟಿಪ್ಪಣಿ ಬರೆಯುವುದು ಹೇಗೆ?

ಡಿಸ್ಕ್‌ಗಳ ಬಗ್ಗೆ ನನಗೆ ಭಯವಿಲ್ಲ. ಇವನ್ನು ತಿರುಗಿಸುವ ಯಂತ್ರ ಇನ್ನು ಹತ್ತು ವರ್ಷ ಸಿಗುತ್ತದಾ ಅನ್ನುವುದೇ ಭಯ. ಗೊತ್ತಿದ್ದವರು ಹೇಳಿ.

ಉತ್ತರ 1: ಸ್ಕ್ರೂಡ್ರೈವರ್_ಮಾಮ

ಮೇಡಂ, ಮೊದಲು ಆ ಬಟನ್ ಒತ್ತುವುದನ್ನು ನಿಲ್ಲಿಸಿ.

ಝುಯ್ ಅನ್ನುತ್ತಿದೆ ಅಂದರೆ ಮೋಟಾರ್ ತಿರುಗುತ್ತಿದೆ, ಬೆಲ್ಟ್ ಜಾರುತ್ತಿದೆ. ಟ್ರೇ ತಳ್ಳುವ ಪುಟ್ಟ ಮೋಟಾರಿಗೂ ಹಲ್ಲಿನ ಚಕ್ರಕ್ಕೂ ನಡುವೆ ಒಂದು ಸಣ್ಣ ರಬ್ಬರ್ ಬೆಲ್ಟ್ ಇರುತ್ತದೆ. ವರ್ಷಗಟ್ಟಲೆ ಬಿಗಿದುಕೊಂಡೇ ಕೂತು ಸಡಿಲವಾಗುತ್ತದೆ, ಮೇಲ್ಮೈ ಗಾಜಿನ ಹಾಗೆ ನುಣುಪಾಗುತ್ತದೆ. ಡಿಸ್ಕನ್ನು ಮೇಲಿಂದ ಹಿಡಿದುಕೊಳ್ಳುವ ಒಂದು ಮ್ಯಾಗ್ನೆಟ್ ಕೂಡ ಇದೆ. ಟ್ರೇ ಹೊರಬರಬೇಕಾದರೆ ಮೊದಲು ಆ ಹಿಡಿತ ಬಿಡಿಸಬೇಕು. ಸೋತ ಬೆಲ್ಟಿಗೆ ಅಷ್ಟು ಶಕ್ತಿ ಇರುವುದಿಲ್ಲ. ಒಳಗೆ ಡಿಸ್ಕ್ ಇರುವುದು ನಿಮ್ಮ ಪುಣ್ಯ. ಖಾಲಿ ಇದ್ದಿದ್ದರೆ ಹಿಡಿತ ಇನ್ನೂ ಗಟ್ಟಿ ಇರುತ್ತಿತ್ತು.

ನೀವೇ ಮಾಡಬಹುದು. ಪ್ಲಗ್ ತೆಗೆದು ಒಂದು ರಾತ್ರಿ ಬಿಡಿ. ಮೇಲಿನ ಮುಚ್ಚಳ ಬಿಚ್ಚಿ. ವಿದ್ಯುತ್ ಬರುವ ಬೋರ್ಡ್ ಮೇಲೆ ಗುಂಡು ಡಬ್ಬಿಯಂಥ ಕೆಪಾಸಿಟರ್ ಇರುತ್ತದೆ, ಆ ಕಡೆ ಕೈ ಹಾಕಬೇಡಿ. ಟ್ರೇ ಪಕ್ಕದ ಬಿಳಿ ಚಕ್ರವನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿದರೆ ಟ್ರೇ ತಾನಾಗಿ ಹೊರಗೆ ಬರುತ್ತದೆ. ಎಳೆಯಬೇಡಿ, ಹಲ್ಲು ಮುರಿಯುತ್ತದೆ. ಡಿಸ್ಕ್ ತೆಗೆದು ಪಕ್ಕಕ್ಕಿಡಿ. ಬೆಲ್ಟ್ ಬಿಚ್ಚಿ ಬಿಸಿ ನೀರಲ್ಲಿ ಎರಡು ಮೂರು ನಿಮಿಷ ಹಾಕಿ, ಒರೆಸಿ, ಒಣಗಿಸಿ. ಬೆಲ್ಟ್ ಕೂರುವ ಚಕ್ರಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಇದು ಕೆಲವು ವಾರದ ಉಪಾಯ ಅಷ್ಟೇ. ಅಷ್ಟರಲ್ಲಿ ಅಳತೆ ನೋಡಿ ಹೊಸ ಬೆಲ್ಟ್ ತರಿಸಿ. ಮುಚ್ಚಳ ತೆಗೆದಿಟ್ಟು ಕರೆಂಟ್ ಕೊಟ್ಟು ಲೆನ್ಸ್ ಕಡೆ ಮಾತ್ರ ನೋಡಬೇಡಿ, ಅದು ಲೇಸರ್.

ಕೆಲವು ಮಾಡೆಲ್‌ನಲ್ಲಿ ಬೆಲ್ಟೇ ಇರುವುದಿಲ್ಲ, ಬರೀ ಹಲ್ಲಿನ ಚಕ್ರ. ಅದು ಸವೆದಿದ್ದರೆ ಬೇರೆ ಕತೆ.

ನಿಜವಾಗಿ ಹೆದರಬೇಕಾದದ್ದು ಬೆಲ್ಟಿಗಲ್ಲ, ಲೇಸರ್ ಭಾಗಕ್ಕೆ. ಡಿವಿಡಿ ಓದುವುದು 650 ನ್ಯಾನೋಮೀಟರ್‌ನ ಕೆಂಪು ಬೆಳಕು. ಬ್ಲೂ-ರೇ ಓದುವುದು 405ರ ನೇರಳೆ ಬೆಳಕು. ಎರಡಕ್ಕೂ ಬೇರೆ ಬೇರೆ ಲೇಸರ್. ಹಾಗಾಗಿ ಡಿವಿಡಿ ಚೆನ್ನಾಗಿ ಓಡಿ, ಬ್ಲೂ-ರೇ ಮಾತ್ರ ಓದದೆ ಸತಾಯಿಸುವ ಪ್ಲೇಯರ್‌ಗಳು ನನ್ನ ಮೇಜಿಗೆ ಬೇಕಾದಷ್ಟು ಬಂದಿವೆ. ಲೆನ್ಸ್ ಮೇಲಿನ ಧೂಳಾದರೆ ಒರೆಸಬಹುದು. ಲೇಸರ್ ಸೋತರೆ ಇಡೀ ಭಾಗ ಬದಲಿಸಬೇಕು, ಆ ಮಾಡೆಲ್‌ನದೇ ಸಿಗಬೇಕು.

ಸಾಧ್ಯವಾದರೆ ಈಗಲೇ ಇನ್ನೊಂದು ಪ್ಲೇಯರ್ ತೆಗೆದಿಡಿ. ಕೊಳ್ಳುವಾಗ ರೀಜನ್ ಕೋಡ್ ನೋಡಿ, ಅಂದರೆ ಯಾವ ಪ್ರದೇಶದ ಡಿಸ್ಕ್ ಓಡುತ್ತದೆ ಅನ್ನುವ ಗುರುತು. ಡಿವಿಡಿಗೂ ಬ್ಲೂ-ರೇಗೂ ರೀಜನ್ ಕಾಟ ಇದೆ. 4ಕೆ ಡಿಸ್ಕಿಗೆ ಇಲ್ಲ. ತೆಗೆದಿಟ್ಟದ್ದನ್ನು ಪೆಟ್ಟಿಗೆಯಲ್ಲೇ ಮಲಗಿಸಬೇಡಿ, ಆಗಾಗ ಒಂದು ಡಿಸ್ಕ್ ಹಾಕಿ ಓಡಿಸಿ.

ಉತ್ತರ 2: ಒಂದೇ_ರಿಮೋಟ್

ನಾನು ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಹತ್ತಿರ 200 ಡಿಸ್ಕ್ ಇದ್ದವು. ಐದು ವರ್ಷದ ಹಿಂದೆ ಪ್ಲೇಯರ್ ಸಮೇತ ಕೊಟ್ಟುಬಿಟ್ಟೆ. ಇವತ್ತಿಗೂ ಕೈಗೆ ಬೇಕು ಅನ್ನಿಸುವುದು ಮೂರೇ ಮೂರು. ಉಳಿದ 197ರ ಹೆಸರು ಕೇಳಿದರೆ ಅರ್ಧ ಹೇಳಲಾರೆ.

ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ. ಒಪ್ಪೊ 2018ರಲ್ಲಿ ಪ್ಲೇಯರ್ ಮಾಡುವುದನ್ನು ಬಿಟ್ಟಿತು. 2019ರಲ್ಲಿ ಸ್ಯಾಮ್‌ಸಂಗ್ ಅಮೆರಿಕಕ್ಕೆ ಹೊಸ ಪ್ಲೇಯರ್ ತರುವುದನ್ನು ನಿಲ್ಲಿಸಿತು. ಅಂಚೆಯಲ್ಲಿ ಡಿಸ್ಕ್ ಕಳಿಸಿಯೇ ಬೆಳೆದ ನೆಟ್‌ಫ್ಲಿಕ್ಸ್ ಆ ಸೇವೆಯನ್ನು 2023ರ ಸೆಪ್ಟೆಂಬರ್ 29ಕ್ಕೆ ಮುಚ್ಚಿತು. 25 ವರ್ಷದಲ್ಲಿ 500 ಕೋಟಿಗೂ ಜಾಸ್ತಿ ಡಿಸ್ಕ್ ಕಳಿಸಿದ ಕಂಪನಿ ಅದು. ಅವರಿಗೇ ಬೇಡವಾದದ್ದು ನಮಗೇಕೆ? ಸೋನಿ ಕೂಡ 2025ರ ಫೆಬ್ರವರಿಯಲ್ಲಿ ಬ್ಲೂ-ರೇ ನಿಲ್ಲಿಸಿತಲ್ಲ.

"ಗ್ರಾಮಫೋನ್ ತಟ್ಟೆ ವಾಪಸ್ ಬಂತು, ಡಿಸ್ಕೂ ಬರುತ್ತೆ" ಅನ್ನುವವರಿದ್ದಾರೆ. ನನಗೆ ನಂಬಿಕೆ ಇಲ್ಲ. ಆ ತಟ್ಟೆಗೆ ಒಂದು ಸೂಜಿ, ಒಂದು ಮೋಟಾರ್ ಇದ್ದರೆ ಹಾಡು ಬರುತ್ತದೆ. ಬ್ಲೂ-ರೇ ಓಡಬೇಕಾದರೆ ಚಿಪ್ ಬೇಕು, ಲೈಸೆನ್ಸ್ ಬೇಕು, ನಕಲು ತಡೆಯಲು ಡಿಸ್ಕಿಗೆ ಹಾಕಿದ ಡಿಜಿಟಲ್ ಬೀಗದ ಕೈ ಬೇಕು. ಶೆಡ್ಡಿನಲ್ಲಿ ಕೂತು ಯಾರೂ ಬ್ಲೂ-ರೇ ಪ್ಲೇಯರ್ ಮಾಡಲಾರರು.

ಮೇಡಂ, ಒಂದೇ ಪ್ರಶ್ನೆ. ಕಳೆದ ಒಂದು ವರ್ಷದಲ್ಲಿ ಆ 340ರಲ್ಲಿ ಎಷ್ಟನ್ನು ಕಪಾಟಿನಿಂದ ತೆಗೆದಿರಿ? ನಿಮಗೆ ಎಣಿಸುವ ಚಾಳಿ ಇದೆಯಲ್ಲ, ಎಣಿಸಿ ಹೇಳಿ.

ಉತ್ತರ 3: ಕತ್ತಲ_ದೃಶ್ಯ

ಚಿತ್ರದ ಬಗ್ಗೆ ಯಾರೂ ಮಾತಾಡಲೇ ಇಲ್ಲ! 4ಕೆ ಸ್ಟ್ರೀಮಿಂಗ್‌ಗೆ ನೆಟ್‌ಫ್ಲಿಕ್ಸ್ ಕೇಳುವುದು ಸೆಕೆಂಡಿಗೆ 15 ಮೆಗಾಬಿಟ್ ವೇಗದ ಇಂಟರ್ನೆಟ್. 4ಕೆ ಡಿಸ್ಕ್‌ನಿಂದ ಮಾಹಿತಿ ಹರಿಯುವ ವೇಗ ಆಗಾಗ 100ನ್ನೂ ದಾಟುತ್ತದೆ. ಹಗಲಿನ ದೃಶ್ಯದಲ್ಲಿ ವ್ಯತ್ಯಾಸ ಕಾಣದೇ ಇರಬಹುದು. ಮಂಜು, ಹೊಗೆ, ಕತ್ತಲಲ್ಲಿ ಒಂದು ದೀಪ, ಇಂಥ ಕಡೆ ಸ್ಟ್ರೀಮಿಂಗ್ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಧ್ವನಿಯೂ ಅಷ್ಟೇ. ಡಿಸ್ಕ್‌ನಲ್ಲಿ ಏನೂ ಕಳೆಯದ ಧ್ವನಿ, ಅಲ್ಲಿ ಹಿಂಡಿದ ಧ್ವನಿ. ನಾನಂತೂ ಬಿಡುವವನಲ್ಲ.

ಉತ್ತರ 4: ನೆಲಮಾಳಿಗೆ

ನಾನು ಒಂದು ಗ್ರಂಥಾಲಯದ ದೃಶ್ಯ-ಶ್ರವಣ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಿನವೂ ಇವುಗಳ ನಡುವೆಯೇ ಬದುಕು.

ಮೊದಲು ಒಂದು ತಿದ್ದುಪಡಿ. ಸೋನಿ 2025ರಲ್ಲಿ ನಿಲ್ಲಿಸಿದ್ದು ನಾವೇ ಬರೆದುಕೊಳ್ಳುವ ಖಾಲಿ ಬ್ಲೂ-ರೇ ಡಿಸ್ಕ್‌ಗಳನ್ನು. ಸಿನಿಮಾ ಒತ್ತಿ ಮಾರುವ ಡಿಸ್ಕ್ ಬೇರೆ, ಅದು ನಿಂತಿಲ್ಲ. ಆ ಸುದ್ದಿ ಬಂದ ವಾರ ನಮ್ಮಲ್ಲಿಗೂ ಜನ ಬಂದು "ಮುಗೀತಂತಲ್ಲ" ಅಂತ ಕೇಳಿದರು.

ಈಗ ಕತ್ತರಿಯವರಿಗೆ. ಡಿಸ್ಕ್ ಬಗ್ಗೆ ಭಯವಿಲ್ಲ ಅಂದಿರಿ. ಸ್ವಲ್ಪ ಇರಲಿ. ಡಿವಿಡಿ ಅಂದರೆ 0.6 ಮಿಲಿಮೀಟರ್‌ನ ಎರಡು ಪ್ಲಾಸ್ಟಿಕ್ ತಟ್ಟೆ ಅಂಟಿಸಿದ್ದು. ಮಾಹಿತಿ ಇರುವ ಲೋಹದ ಪದರ ನಡುವೆ ಇರುತ್ತದೆ. ಅಂಟು ಕೆಟ್ಟರೆ ಲೋಹಕ್ಕೆ ಗಾಳಿ, ತೇವ ತಗಲಿ ಅದು ಮಾಸುತ್ತದೆ. ಗೀರು ಒಂದೂ ಇಲ್ಲದ, ಪೆಟ್ಟಿಗೆಯಿಂದ ಹೊರಗೇ ಬಾರದ ಡಿಸ್ಕ್ ಕೂಡ ಹೀಗೆ ಸಾಯುತ್ತದೆ. ಕಣ್ಣಿಗೆ ಕಾಣದೇ ಇರಬಹುದು.

ಪರೀಕ್ಷೆ ಮಾಡುವಾಗ ಹೆಚ್ಚಿನವರು ಮೊದಲ ಐದು ನಿಮಿಷ ನೋಡಿ ಬಿಡುತ್ತಾರೆ. ಅದು ಸಾಲದು. ಎರಡು ಪದರದ ಸಿನಿಮಾ ಡಿವಿಡಿಯನ್ನು ಲೇಸರ್ ಒಳಗಿಂದ ಹೊರ ಅಂಚಿಗೆ ಓದುತ್ತಾ ಹೋಗಿ, ಅಲ್ಲಿ ಪದರ ಬದಲಿಸಿ, ಮತ್ತೆ ಒಳಕ್ಕೆ ಬರುತ್ತದೆ. ಅಂದರೆ ಹೊರ ಅಂಚಿನಲ್ಲಿ ಇರುವುದು ಸಿನಿಮಾದ ನಡುಭಾಗ. ನಾನು ನೋಡಿದ ಕೆಟ್ಟ ಡಿಸ್ಕ್‌ಗಳಲ್ಲಿ ಜಾಸ್ತಿ ಪಾಲು ಅಂಚಿನಿಂದಲೇ ಕೆಟ್ಟಿದ್ದವು. ಹಾಗಾಗಿ ನೇರ ನಡುವಿಗೆ ಹೋಗಿ, ಅಲ್ಲಿಂದ ಹತ್ತು ನಿಮಿಷ ಓಡಿಸಿ. ಕ್ಷಣ ಮಾತ್ರ ತಡೆದು ಮುಂದೆ ಹೋದರೆ ಅದು ಪದರ ಬದಲಾಗುವುದು, ಸಹಜ. ಚೌಕ ಚೌಕವಾಗಿ ಒಡೆದು ನಿಂತರೆ ರೋಗ.

ಮನೆಯಲ್ಲಿ ಬರೆದ ಡಿಸ್ಕ್ ಇದ್ದರೆ ಮೊದಲು ಅವನ್ನು ನೋಡಿ. ಕಾರ್ಖಾನೆಯಲ್ಲಿ ಒತ್ತಿದ್ದರಲ್ಲಿ ಗುಳಿಗಳೇ ಇರುತ್ತವೆ. ಮನೆಯಲ್ಲಿ ಬರೆದದ್ದು ಬಣ್ಣದ ಪದರವನ್ನು ಲೇಸರ್‌ನಿಂದ ಸುಟ್ಟ ಗುರುತು, ಬಿಸಿಲಿಗೆ ಇಟ್ಟರೆ ಆ ಬಣ್ಣ ಬೇಗ ಹಾಳಾಗುತ್ತದೆ. ಡಿಸ್ಕ್‌ಗಳನ್ನು ನಿಲ್ಲಿಸಿ ಇಡಿ. ಮೇಲೆ ಅಂಟುಚೀಟಿ ಹಚ್ಚಬೇಡಿ.

ಒಂದೇ ರಿಮೋಟ್ ಅವರು ಬೀಗದ ಕೈ ಬಗ್ಗೆ ಹೇಳಿದ್ದು ಸರಿ. ಬ್ಲೂ-ರೇ ಬೀಗದ ಕೈಗಳನ್ನು ಕಾಲಕಾಲಕ್ಕೆ ಬದಲಿಸುತ್ತಾರೆ. ಪ್ಲೇಯರ್ ಕಂಪನಿ ಸಾಫ್ಟ್‌ವೇರ್ ಕೊಡುವುದನ್ನು ನಿಲ್ಲಿಸಿದರೆ ಮುಂದೆ ಬರುವ ಡಿಸ್ಕ್ ಓಡದೇ ಹೋಗಬಹುದು. ಈಗ ಓಡುತ್ತಿರುವುದು ಮಾತ್ರ ಓಡುತ್ತಲೇ ಇರುತ್ತದೆ. ನಿಮ್ಮ ಕೆಲಸಕ್ಕೆ ಅದು ಸಾಕಲ್ವಾ?

ಕಂಪ್ಯೂಟರ್ ಡ್ರೈವ್ ಕೂಡ ಒಂದು ದಾರಿ. ಡಿವಿಡಿಗೆ ವಿಎಲ್‌ಸಿ ಪ್ಲೇಯರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಕೀಬೋರ್ಡ್‌ನ ಇ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. 4ಕೆ ಡಿಸ್ಕಿಗೆ ಮಾತ್ರ ಹೊಸ ಕಂಪ್ಯೂಟರ್ ನಂಬಬೇಡಿ. ಆ ಬೀಗಕ್ಕೆ ಬೇಕಾದ ಒಂದು ಸೌಲಭ್ಯವನ್ನು ಇಂಟೆಲ್ ತನ್ನ ಹೊಸ ಡೆಸ್ಕ್‌ಟಾಪ್ ಚಿಪ್‌ಗಳಿಂದ ತೆಗೆದುಹಾಕಿದೆ. ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದಲ್ಲ ಅಂತ ಯಾರಾದರೂ ಹೇಳುತ್ತಾರೆ. ಬೀಗ ಒಡೆದು ನಕಲು ಮಾಡುವುದು ಹಲವು ದೇಶಗಳಲ್ಲಿ ತಪ್ಪು, ಡಿಸ್ಕ್ ನಿಮ್ಮದೇ ಆಗಿದ್ದರೂ. ನಿಮ್ಮಲ್ಲಿ ಏನಿದೆ ಅಂತ ನೋಡಿಕೊಳ್ಳಿ.

ಇನ್ನು, "ಆನ್‌ಲೈನ್‌ನಲ್ಲಿ ಕೊಂಡರೆ ನಮ್ಮದೇ ಅಲ್ವಾ" ಅನ್ನುವವರಿಗೆ: ಪ್ಲೇಸ್ಟೇಷನ್‌ನ ಆನ್‌ಲೈನ್ ಅಂಗಡಿಯಲ್ಲಿ ಜನ ದುಡ್ಡು ಕೊಟ್ಟು ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳನ್ನು ತೆಗೆಯುತ್ತೇವೆ ಅಂತ 2023ರ ಡಿಸೆಂಬರ್‌ನಲ್ಲಿ ಸೋನಿ ಹೇಳಿತು. ಗಲಾಟೆ ಆದ ಮೇಲೆ ಹಿಂದೆ ಸರಿಯಿತು. ಕ್ಯಾಲಿಫೋರ್ನಿಯಾದಲ್ಲಂತೂ 2025ರ ಜನವರಿ 1ರಿಂದ ಕಾನೂನೇ ಇದೆ. ಕೊಡುತ್ತಿರುವುದು ಬರೀ ಲೈಸೆನ್ಸ್ ಅಂತ ಬಾಯಿಬಿಟ್ಟು ಹೇಳದೆ "ಕೊಳ್ಳಿ" ಅನ್ನುವ ಬಟನ್ ತೋರಿಸುವ ಹಾಗಿಲ್ಲ.

ನೋಟ್‌ಬುಕ್‌ನ ಪುಟಗಳನ್ನು ಫೋಟೋ ತೆಗೆದಿಡಿ. ಡಿಸ್ಕ್ ಇನ್ನೊಂದು ಸಿಗಬಹುದು, ಅದು ಸಿಗುವುದಿಲ್ಲ.

ಕತ್ತರಿ_24 (ಪ್ರಶ್ನೆ ಕೇಳಿದವರು)

ಒಂದು ವಾರ ತಡವಾಯಿತು, ಕ್ಷಮಿಸಿ. ಟ್ರೇ ತೆರೆಯಿತು!

ಮಾಮ, ನೀವು ಹೇಳಿದ್ದು ಅಕ್ಷರಶಃ ನಿಜ. ಬೆಲ್ಟ್ ಜೋಲು ಬಿದ್ದಿತ್ತು. ಬಿಳಿ ಚಕ್ರ ತಿರುಗಿಸುವಾಗ ನನ್ನ ಕೈ ನಡುಗುತ್ತಿತ್ತು. ಬಿಸಿ ನೀರಿಗೆ ಹಾಕಿ ತೆಗೆದ ಬೆಲ್ಟನ್ನೇ ಹಾಕಿದ್ದೇನೆ, ಹೊಸದು ದಾರಿಯಲ್ಲಿದೆ. ನಾಲ್ಕು ದಿನದಿಂದ ತೆರೆಯುತ್ತಿದೆ, ಮುಚ್ಚುತ್ತಿದೆ. ಸುಮ್ನೆ ಎರಡು ಸಲ ಹೆಚ್ಚಿಗೆ ತೆರೆಸಿ ನೋಡುತ್ತೇನೆ, ಬೈಯಬೇಡಿ. ಇದೇ ಮಾಡೆಲ್‌ನ ಇನ್ನೊಂದು ಹಳೆಯ ಪ್ಲೇಯರ್ ಹುಡುಕಿ ತಂದೆ. ಅದರಲ್ಲಿ ಬೆಲ್ಟ್ ಗಟ್ಟಿಯಾಗಿದೆ, ಬ್ಲೂ-ರೇ ಮಾತ್ರ ಓದುವುದಿಲ್ಲ. ನೀವು ಹೇಳಿದ ನೇರಳೆ ರೋಗ. ಇರಲಿ, ಡಿವಿಡಿಗೆ ಆಯಿತು.

ಕತ್ತಲ ದೃಶ್ಯ ಅವರೇ, ನಿಮ್ಮ ಮಾತು ಸರಿ ಇರಬಹುದು. ನನ್ನ ಟಿವಿಗೆ ಆ ವ್ಯತ್ಯಾಸ ತೋರಿಸುವ ಯೋಗ್ಯತೆ ಇಲ್ಲ.

ಒಂದೇ ರಿಮೋಟ್ ಅವರೇ, ಎಣಿಸಿದೆ. ಎಣಿಸುವ ಮುಂಚೆ ನೂರು ಇರಬಹುದು ಅಂದುಕೊಂಡಿದ್ದೆ. 31. ಅದರಲ್ಲೂ 14 ಸಲ ತೆಗೆದದ್ದು ಡಿಸ್ಕ್ 117 ಒಂದನ್ನೇ. ಒಂದು ಸಂಜೆ ಪೂರ್ತಿ ನಿಮ್ಮ ಮೇಲೆ ಸಿಟ್ಟಿತ್ತು.

ಆಮೇಲೆ ನೋಟ್‌ಬುಕ್ ತೆಗೆದು ಕೂತೆ. ಮೂರು ಪುಸ್ತಕದಲ್ಲಿ ಹೆಸರು ಬಂದಿರುವ ಡಿಸ್ಕ್ 92. ನೋಟ್‌ಬುಕ್‌ನಲ್ಲಿ ಇಲ್ಲದಿದ್ದರೂ ಎಡಿಟರ್ ಕೂತು ಮಾತಾಡಿದ ಕಾಮೆಂಟರಿ ಇರುವುದು ಇನ್ನೂ 11. ಅದನ್ನು ಹಾಕಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತೇನೆ. ಆ ಮಾತುಗಳನ್ನು ಯಾವ ಆ್ಯಪ್‌ನಲ್ಲೂ ನಾನು ಕಂಡಿಲ್ಲ. ಒಟ್ಟು 103 ನನ್ನ ಜೊತೆ ಬರುತ್ತವೆ. ಉಳಿದ 237 ಒಳ್ಳೆಯ ಸಿನಿಮಾಗಳೇ. ನಾನು ಅವುಗಳ ಜೊತೆ ಕೆಲಸ ಮಾಡಿಲ್ಲ ಅಷ್ಟೇ. ಕಪಾಟಿನಲ್ಲಿ ಚೆಂದ ಕಾಣುತ್ತಿದ್ದವು.

ನೆಲಮಾಳಿಗೆಯವರೇ, ನೀವು ಹೇಳಿದ ಹಾಗೆ ನಡುಭಾಗದಿಂದ ಓಡಿಸಿ ನೋಡುತ್ತಿದ್ದೇನೆ. ದಿನಕ್ಕೆ ಹತ್ತು. ಇಲ್ಲಿಯವರೆಗೆ 40 ಮುಗಿದಿವೆ, ಒಂದು ಕೆಟ್ಟಿದೆ. ಡಿಸ್ಕ್ 58. ಗೀರಿಲ್ಲ, ಹೊಳೆಯುತ್ತಿದೆ, 51ನೇ ನಿಮಿಷಕ್ಕೆ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. ನೋಟ್‌ಬುಕ್‌ನಲ್ಲಿ ಅದರ ಬಗ್ಗೆ ನಾಲ್ಕು ಸಾಲು ಇದೆ, ನಾಲ್ಕೂ 51ರ ನಂತರದ್ದು. ಪುಟಗಳ ಫೋಟೋ ತೆಗೆಯಲು ಶುರು ಮಾಡಿದ್ದೇನೆ.

237ರ ಪಟ್ಟಿಯನ್ನು ಕೆಳಗೆ ಹಾಕುತ್ತೇನೆ. ಬೇಕಾದವರು ಹೇಳಿ. ಮೊದಲ ಹಕ್ಕು ಒಂದೇ ರಿಮೋಟ್ ಅವರದು. ಆ ಮೂರು ಯಾವುವು ಅಂತ ನೀವು ಹೇಳಲೇ ಇಲ್ಲ.

ಒಂದೇ_ರಿಮೋಟ್

ಪಟ್ಟಿ ನೋಡಿದೆ. ಮೂರರಲ್ಲಿ ಎರಡು ಇವೆ. ಸಂದೇಶ ಕಳಿಸಿದ್ದೇನೆ.

ಮಾಮ, ಕೆಂಪು ಬೆಳಕು ಒಂದಿದ್ದರೆ ಸಾಕು, ನೇರಳೆ ಸತ್ತಿದ್ದರೂ ಪರವಾಗಿಲ್ಲ. ನಿಮ್ಮ ಮೇಜಿನ ಮೇಲೆ ಅಂಥದ್ದು ಯಾವುದಾದರೂ ಬಿದ್ದಿದೆಯಾ?